ಸಾಫ್ಟ್‌ವೇರ್ ರೂಟರ್‌ಗೆ ಸರ್ವರ್ ಕೊಳ್ಳುವ ಮುನ್ನ

ಸಾವಿರಾರು ಮನೆಗಳಿಗೆ ಇಂಟರ್ನೆಟ್ ಕೊಡುವ ಸಣ್ಣ ಕಂಪನಿಗಳೂ ದೊಡ್ಡ ಕ್ಯಾಂಪಸ್‌ಗಳೂ ಈಗ ದುಬಾರಿ ರೂಟರ್ ಬಿಟ್ಟು, ಸಾಮಾನ್ಯ ಸರ್ವರ್‌ಗೆ ಲಿನಕ್ಸ್ ಹಾಕಿ ರೂಟರ್ ಮಾಡಿಕೊಳ್ಳುತ್ತಿವೆ. ಇದು ಖಂಡಿತ ಸಾಧ್ಯ. ಆದರೆ ಯಂತ್ರದ ಆಯ್ಕೆಯಲ್ಲಿ ಎಡವಿದರೆ ಆಮೇಲೆ ಯಾವ ಸಾಫ್ಟ್‌ವೇರೂ ಕೈ ಹಿಡಿಯುವುದಿಲ್ಲ.

1. ಗಿಗಾಬಿಟ್ ಬಿಡಿ, ಪ್ಯಾಕೆಟ್ ಎಣಿಸಿ
10 ಗಿಗಾಬಿಟ್ ಲಿಂಕ್ ತುಂಬಲು 1500 ಬೈಟ್‌ನ ದೊಡ್ಡ ಪ್ಯಾಕೆಟ್‌ಗಳಾದರೆ ಸೆಕೆಂಡಿಗೆ ಸುಮಾರು 8 ಲಕ್ಷ ಸಾಕು. 64 ಬೈಟ್‌ನ ಪುಟ್ಟ ಪ್ಯಾಕೆಟ್‌ಗಳಾದರೆ 1 ಕೋಟಿ 48 ಲಕ್ಷ ಬೇಕು. ಆಗ ಒಂದೊಂದಕ್ಕೂ ಸಿಗುವ ಸಮಯ 67 ನ್ಯಾನೋಸೆಕೆಂಡ್, ಅಂದರೆ 3 ಗಿಗಾಹರ್ಟ್ಸ್‌ನ ಒಂದು ಕೋರ್‌ಗೆ ಸುಮಾರು 200 ಸೈಕಲ್. ರ್‍ಯಾಮ್‌ವರೆಗೆ ಒಮ್ಮೆ ಹೋಗಿ ಬರುವುದರಲ್ಲೇ ಅಷ್ಟು ಸಮಯ ಮುಗಿಯಬಹುದು. ರೂಟರ್‌ಗೆ ಕೆಲಸ ಬೀಳುವುದು ಪ್ಯಾಕೆಟ್ ಲೆಕ್ಕದಲ್ಲಿ, ಬೈಟ್ ಲೆಕ್ಕದಲ್ಲಲ್ಲ. ಹಲವು ಬಗೆಯ ಡಿಡಾಸ್ ದಾಳಿಗಳಲ್ಲಿ ನುಗ್ಗುವುದೂ ಈ ಪುಟ್ಟ ಪ್ಯಾಕೆಟ್‌ಗಳೇ. ಮಾರುವವರು "40 ಗಿಗಾಬಿಟ್ ಎಳೆಯುತ್ತೆ" ಎಂದರೆ, ಯಾವ ಅಳತೆಯ ಪ್ಯಾಕೆಟ್‌ನಲ್ಲಿ ಎಂದು ಕೇಳಿ.

2. ಹಣದ ದೊಡ್ಡ ಪಾಲು ನೆಟ್‌ವರ್ಕ್ ಕಾರ್ಡಿಗೆ ಇರಲಿ
ಯಂತ್ರದ ಜೀವ ಇರುವುದು ಇಲ್ಲೇ. ಒಳ್ಳೆಯ ಕಾರ್ಡ್ ಬಂದ ಪ್ಯಾಕೆಟ್‌ಗಳ ವಿಳಾಸ, ಪೋರ್ಟ್ ನೋಡಿ ಹಲವು ಕ್ಯೂಗಳಿಗೆ ಹಂಚುತ್ತದೆ. ಒಂದೊಂದು ಕ್ಯೂ ಒಂದೊಂದು ಕೋರ್‌ಗೆ. ಆರ್‌ಎಸ್‌ಎಸ್ ಎನ್ನುವುದು ಇದನ್ನೇ.

ಮನೆಮನೆಗೆ ಪಿಪಿಪಿಒಇ ಮೂಲಕ ಸಂಪರ್ಕ ಕೊಡುವವರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು. ಹಲವು ಕಾರ್ಡ್‌ಗಳಿಗೆ ಪಿಪಿಪಿಒಇ ಹೊದಿಕೆಯೊಳಗಿನ ಐಪಿ ವಿಳಾಸ ಕಾಣುವುದೇ ಇಲ್ಲ. ಗ್ರಾಹಕರ ಕಡೆಯಿಂದ ಬಂದದ್ದೆಲ್ಲ ಒಂದೇ ಕ್ಯೂಗೆ ಬೀಳುತ್ತದೆ. ಸಂಜೆ ಜನ ವಿಡಿಯೊ ನೋಡುವ ಹೊತ್ತಿಗೆ ಟಾಪ್ ಕಮಾಂಡ್ ಕೊಟ್ಟು 1 ಒತ್ತಿ: ಒಂದು ಕೋರ್ ಶೇ. 100 ಮುಟ್ಟಿ ಒದ್ದಾಡುತ್ತಿರುತ್ತದೆ, ಉಳಿದವು ಸುಮ್ಮನೆ ಕೂತಿರುತ್ತವೆ. ಗ್ರಾಹಕರು ಫೋನ್ ಮೇಲೆ ಫೋನ್ ಮಾಡುತ್ತಿರುತ್ತಾರೆ. ಲಿನಕ್ಸ್‌ನ ಆರ್‌ಪಿಎಸ್ ಮೂಲಕ ಹಂಚಿಕೆಯನ್ನು ಸಾಫ್ಟ್‌ವೇರ್‌ನಲ್ಲೇ ಮಾಡಿಸಬಹುದು, ಆದರೆ ಅದಕ್ಕೂ ಸಿಪಿಯು ಖರ್ಚಾಗುತ್ತದೆ. ಇಂಟೆಲ್ ಇ810ರಂಥ ಕಾರ್ಡ್‌ಗೆ ತಕ್ಕ ಡಿಡಿಪಿ ಪ್ಯಾಕೇಜ್ ಹಾಕಿದರೆ ಅದು ಪಿಪಿಪಿಒಇ ಒಳಗಡೆಯೂ ಓದಬಲ್ಲದು.

ಇನ್ನೊಂದು ಮಾತು: ಕೆಲವು ಕಾರ್ಡ್‌ಗಳು ಬೇರೆ ಕಂಪನಿಯ ಎಸ್‌ಎಫ್‌ಪಿ ಮಾಡ್ಯೂಲ್ ಒಪ್ಪುವುದಿಲ್ಲ. ನಿಮ್ಮ ಹತ್ತಿರ ಇರುವ ಮಾಡ್ಯೂಲ್ ಹಾಕಿ ನೋಡಿಯೇ ಆರ್ಡರ್ ಮಾಡಿ.

3. ಸ್ಲಾಟ್‌ನ ಉದ್ದ ನಂಬಬೇಡಿ
100 ಗಿಗಾಬಿಟ್‌ನ ಎರಡು ಪೋರ್ಟ್ ಇರುವ ಕಾರ್ಡನ್ನು ಪಿಸಿಐಇ 3ನೇ ತಲೆಮಾರಿನ ಎಕ್ಸ್16 ಸ್ಲಾಟ್‌ಗೆ ಹಾಕಿದರೆ, ಒಂದು ದಿಕ್ಕಿನಲ್ಲಿ ಸಿಗುವುದು ಸುಮಾರು 126 ಗಿಗಾಬಿಟ್ ಮಾತ್ರ. ಎರಡೂ ಪೋರ್ಟ್ ತುಂಬಿ ಓಡಬೇಕೆಂದರೆ 4ನೇ ತಲೆಮಾರು ಬೇಕೇ ಬೇಕು. ನೋಡಲು ಎಕ್ಸ್16 ಇದ್ದು, ಒಳಗೆ ಎಂಟೇ ಲೇನ್ ಎಳೆದಿರುವ ಸ್ಲಾಟ್‌ಗಳೂ ಉಂಟು. ಕಾರ್ಡ್ ಕೂರಿಸಿದ ಮೇಲೆ ಎಲ್‌ಎಸ್‌ಪಿಸಿಐ ಕಮಾಂಡ್‌ನಲ್ಲಿ ಲಿಂಕ್ ಸ್ಟೇಟಸ್ ಸಾಲು ಓದಿ. "ಡೌನ್‌ಗ್ರೇಡೆಡ್" ಎಂದಿದ್ದರೆ ಸ್ಲಾಟ್ ಬದಲಿಸಿ.

4. ಕೋರ್ ಕಡಿಮೆ ಇದ್ದರೂ ವೇಗದ್ದೇ ಇರಲಿ
ಒಂದು ಫ್ಲೋ ಸಾಮಾನ್ಯವಾಗಿ ಒಂದೇ ಕೋರ್ ಮೇಲೆ ಸಾಗುತ್ತದೆ. ಬಿಜಿಪಿ ನಡೆಸುವ ಬರ್ಡ್ 2 ಕೂಡ ಬಹುತೇಕ ಒಂದೇ ಥ್ರೆಡ್‌ನಲ್ಲಿ ಓಡುತ್ತದೆ. 2.1 ಗಿಗಾಹರ್ಟ್ಸ್‌ನ 64 ಕೋರ್‌ಗಿಂತ 3.5ರ 16 ಕೋರ್ ಈ ಕೆಲಸಕ್ಕೆ ಮೇಲು. ಎಲ್3 ಕ್ಯಾಶೆ ಎಷ್ಟಿದೆ ಎಂದೂ ನೋಡಿ.

5. ಒಂದೇ ಸಾಕೆಟ್ ಸಾಕು
ಎರಡು ಸಿಪಿಯು ಇರುವ ಬೋರ್ಡ್‌ನಲ್ಲಿ ಕಾರ್ಡ್ ಒಂದರ ಕಡೆ ಇದ್ದು ಕೆಲಸ ಇನ್ನೊಂದರ ಕಡೆ ನಡೆದರೆ, ಪ್ರತಿ ಪ್ಯಾಕೆಟ್ಟೂ ನಡುವಿನ ಸೇತುವೆ ದಾಟಬೇಕು. ಆ 67 ನ್ಯಾನೋಸೆಕೆಂಡಿನಲ್ಲಿ ಅದಕ್ಕೆ ಜಾಗವಿಲ್ಲ.

6. ರ್‍ಯಾಮ್: ಗಾತ್ರಕ್ಕಿಂತ ಚಾನೆಲ್ ಮುಖ್ಯ
2014ರ ಆಗಸ್ಟ್ 12ರಂದು ಜಗತ್ತಿನ ಐಪಿವಿ4 ಮಾರ್ಗಗಳ ಸಂಖ್ಯೆ 5,12,000 ದಾಟಿದಾಗ, ಹಳೆಯ ಹಾರ್ಡ್‌ವೇರ್ ರೂಟರ್‌ಗಳಲ್ಲಿ ಮಾರ್ಗಗಳನ್ನಿಡುವ ಟಿಕ್ಯಾಮ್ ಮೆಮೊರಿ ತುಂಬಿ ಹಲವೆಡೆ ಸಂಪರ್ಕ ಕಡಿಯಿತು. ಸಾಫ್ಟ್‌ವೇರ್ ರೂಟರ್‌ಗೆ ಆ ಭಯವಿಲ್ಲ; ಪೂರ್ತಿ ಬಿಜಿಪಿ ಟೇಬಲ್‌ಗೆ ಕೆಲವು ಜಿಬಿ ಸಾಕು. ಆದರೆ 32 ಜಿಬಿಯ ಒಂದೇ ಪಟ್ಟಿ ಹಾಕಿ ಉಳಿದ ಚಾನೆಲ್ ಖಾಲಿ ಬಿಡಬೇಡಿ. ಸಣ್ಣ ಪಟ್ಟಿಗಳನ್ನೇ ಎಲ್ಲ ಚಾನೆಲ್‌ಗೂ ತುಂಬಿ, ಇಸಿಸಿಯದ್ದೇ ಇರಲಿ.

7. ಬಯಾಸ್‌ನಲ್ಲಿ ವಿದ್ಯುತ್ ಉಳಿತಾಯ ಆಫ್ ಮಾಡಿ
ನಿದ್ದೆಯಿಂದ ಎದ್ದು ಬರುವ ಕೋರ್‌ಗೆ ಪ್ಯಾಕೆಟ್ ಕಾಯುವುದಿಲ್ಲ. ಪರ್ಫಾರ್ಮೆನ್ಸ್ ಮೋಡ್ ಇಡಿ.

8. ಒಂದು ದೊಡ್ಡದರ ಬದಲು ಎರಡು ಮಧ್ಯಮ
ಕರ್ನಲ್ ಅಪ್‌ಡೇಟ್ ಮಾಡಲಾದರೂ ರೀಬೂಟ್ ಬೇಕಲ್ಲ? ಒಂದೇ ಮಾದರಿಯ ಎರಡು ಸರ್ವರ್ ಕೊಂಡು, ವಿಆರ್‌ಆರ್‌ಪಿ ಅಥವಾ ಬಿಜಿಪಿಯಿಂದ ಜೋಡಿಸಿ. ಒಂದೊಂದೂ ಒಬ್ಬಂಟಿಯಾಗಿಯೇ ಸಂಜೆಯ ಪೂರ್ತಿ ಹೊರೆ ಹೊರುವಂತಿರಲಿ. ಎರಡು ಪವರ್ ಸಪ್ಲೈ, ಬೇರೆ ಬೇರೆ ಯುಪಿಎಸ್ ಸಾಲು, ದೂರದಿಂದ ಎಬ್ಬಿಸಲು ಐಪಿಎಂಐ: ಇವನ್ನು ಬಿಟ್ಟು ಉಳಿತಾಯ ಮಾಡಬೇಡಿ.

9. ಪರೀಕ್ಷಿಸಿ, ಆಮೇಲೆ ಹಣ ಕೊಡಿ
ಟಿರೆಕ್ಸ್ ಉಚಿತವಾಗಿ ಸಿಗುವ ಟ್ರಾಫಿಕ್ ಜನರೇಟರ್. ನಿಮ್ಮದೇ ಫೈರ್‌ವಾಲ್ ನಿಯಮ, ನಿಮ್ಮದೇ ನ್ಯಾಟ್ ಹಾಕಿ, 64 ಬೈಟ್‌ನಿಂದ 1518ರವರೆಗೆ ಓಡಿಸಿ, ಪ್ಯಾಕೆಟ್ ಬೀಳಲು ಶುರುವಾಗುವ ಬಿಂದು ಬರೆದಿಟ್ಟುಕೊಳ್ಳಿ. ಡೆಮೊ ಸರ್ವರ್ ಕೊಡಲು ಒಪ್ಪದ ಮಾರಾಟಗಾರರಿಂದ ರೂಟರ್ ಕೆಲಸಕ್ಕೆ ಯಂತ್ರ ಕೊಳ್ಳಬೇಡಿ.