ಶೂ ಅಟ್ಟೆ ಬಾಯಿಬಿಟ್ಟಾಗ

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನ ಫೆಲ್ ರೇಸಿನಲ್ಲಿ, ಅಂದರೆ ಬೆಟ್ಟ ಹತ್ತಿಳಿಯುವ ಓಟದಲ್ಲಿ, ಅರ್ಧ ದಾರಿಗೇ ನಿಮ್ಮ ಶೂ ಅಟ್ಟೆ ಬಾಯಿಬಿಟ್ಟಿತು, ಟೇಪು ಸುತ್ತಿ ಓಡಿದ್ದು ಸರಿಯೇ ಎಂದು ಕೇಳಿದ್ದೀರಿ. ಬೆಟ್ಟ ಹತ್ತುವಾಗ ಹೇಗೋ ನಡೆದೀತು, ಇಳಿಯುವಾಗ ಖಂಡಿತ ಬೇಡ. ಒದ್ದೆ ಹುಲ್ಲಿನ ಮೇಲೆ ಹಿಡಿತ ಕೊಡುವುದೇ ಅಟ್ಟೆಯಡಿಯ ರಬ್ಬರ್ ಸ್ಟಡ್‌ಗಳು. ಅವನ್ನು ಟೇಪು ಮುಚ್ಚಿದರೆ ಕಾಲು ಜಾರುತ್ತದೆ. ಸ್ಟಡ್‌ಗಳ ಸಂದಿಯಲ್ಲಿ ಹೆಚ್ಚುವರಿ ಲೇಸು ಹಾಯಿಸಿ ಬಿಗಿದು ಕಟ್ಟಿ, ನಡೆದೇ ಇಳಿಯಿರಿ. ಪದಕದ ಆಸೆ ಅಲ್ಲಿಗೆ ಬಿಡಿ.

ಅಂದಹಾಗೆ, ದಿಕ್ಸೂಚಿ ಮತ್ತು ಮೊಬೈಲನ್ನು ಒಂದೇ ಜೇಬಿನಲ್ಲಿಡಬೇಡಿ. ಫೋನಿನೊಳಗಿನ ಅಯಸ್ಕಾಂತದಿಂದ ಮುಳ್ಳು ತಿರುಗುಮುರುಗಾಗಿ ಉತ್ತರದ ಬದಲು ದಕ್ಷಿಣ ತೋರಿಸೀತು. ಮಂಜು ಕವಿದಾಗ ಅದು ಹರಿದ ಶೂಗಿಂತ ಅಪಾಯ.

ಓಟ ಅರ್ಧಕ್ಕೇ ಬಿಟ್ಟರೆ ಸಂಘಟಕರಿಗೆ ತಿಳಿಸಿಯೇ ಮನೆಗೆ ಹೊರಡಿ. ಇಲ್ಲದಿದ್ದರೆ ಪರ್ವತ ರಕ್ಷಣಾ ತಂಡದ ಸ್ವಯಂಸೇವಕರು ಕತ್ತಲಲ್ಲಿ ನಿಮ್ಮನ್ನು ಹುಡುಕುತ್ತಾ ಬೆಟ್ಟ ಹತ್ತಬೇಕಾದೀತು.