ಹೊಳಪು ಎಲ್ಲಿದೆ, ನೋಡಿ ಕೊಳ್ಳಿ

ಹೈದರಾಬಾದಿನ ಚಾರ್ಮಿನಾರ್ ಪಕ್ಕದ ಲಾಡ್ ಬಜಾರಿಗೆ ಹೋದವರು ಅರಗಿನ ಬಳೆಯ ಜೊತೆಗೆ ಚಿನ್ನದ ಹೊಳಪಿನ ಗಾಜಿನ ಮಣಿಸರಕ್ಕೂ ಮನಸೋಲುವುದುಂಟು. ಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಚೌಕಾಸಿಗೆ ಮೊದಲು ಹೊಳಪು ಮಣಿಯ ಒಳಗಿದೆಯೋ ಮೇಲಿದೆಯೋ ನೋಡಿಕೊಳ್ಳಿ.

ಲೋಹದ ರೇಕಿನ ಮೇಲೆ ಇನ್ನೊಂದು ಪದರ ಗಾಜು ಹೊದಿಸಿದ್ದರೆ ಬೆವರು ಅದನ್ನು ಮುಟ್ಟುವುದಿಲ್ಲ. ಮೊಮ್ಮಗಳ ಕಾಲಕ್ಕೂ ಉಳಿದೀತು. ಮೇಲೆ ಬಳಿದು ಕುಲುಮೆಯಲ್ಲಿ ಸುಟ್ಟ ಲೇಪವೂ ತಕ್ಕಮಟ್ಟಿಗೆ ಗಟ್ಟಿಯೇ. ಆದರೂ ಅದು ಕೂದಲೆಳೆಗಿಂತ ಎಷ್ಟೋ ತೆಳು, ಮಣಿಗೆ ಮಣಿ ಉಜ್ಜಿದಲ್ಲಿ ಸವೆಯುತ್ತದೆ. ಸುಡದೆ ಬರೀ ಬಣ್ಣದಂತೆ ಬಳಿದದ್ದು ಒಂದು ಬೇಸಿಗೆ ತಡೆದರೆ ಹೆಚ್ಚು. ತೂತಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಸಿಪ್ಪೆ ಏಳುವುದು ಸಾಮಾನ್ಯವಾಗಿ ಅಲ್ಲಿಂದಲೇ. ಅಂಗಡಿಯವರ ‘ಗ್ಯಾರಂಟಿ’ಗಿಂತ ಆ ಅಂಚನ್ನೇ ನಾನು ನಂಬುವುದು.

ಅತ್ತರು ಹಚ್ಚಿ, ಅದು ಒಣಗಿದ ಮೇಲೆ ಸರ ತೊಡಿ. ಬಿಚ್ಚಿದಾಗ ಮೆತ್ತನೆ ಹತ್ತಿಬಟ್ಟೆಯಲ್ಲಿ ಒರೆಸಿ, ಬೇರೆಯಾಗಿಯೇ ಇಡಿ. ಬೆಳ್ಳಿ ಉಜ್ಜುವ ಪುಡಿಯನ್ನಂತೂ ಹತ್ತಿರ ತರಬೇಡಿ.

2024ರಲ್ಲಿ ಜಿಐ ಮಾನ್ಯತೆ ಪಡೆದ ಇಲ್ಲಿನ ಅರಗಿನ ಬಳೆಗೂ ಆರೈಕೆ ಬೇಕು. ಗಾಜಿನ ಹರಳಿನ ಹಿಂದಿನ ಹೊಳಪಿಗೆ ನೀರು ಇಳಿದರೆ ಅದು ಕಪ್ಪಾಗುತ್ತದೆ, ಬಿಸಿಗೆ ಅರಗೇ ಮೆತ್ತಗಾಗುತ್ತದೆ. ಪಾತ್ರೆ ತೊಳೆಯುವ ಮುನ್ನ ದಯವಿಟ್ಟು ತೆಗೆದಿಡಿ.