ಟ್ರಾಲಿಯ ಹಿಂಬದಿಗೊಂದು ಕಣ್ಣು: ವೈರ್‌ಲೆಸ್ ಕ್ಯಾಮೆರಾದ ಲೆಕ್ಕ

ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳ ರಸ್ತೆಗಳಲ್ಲಿ ಸರಕು ಹೊತ್ತು ಓಡಾಡುವ ವಾಹನಗಳಲ್ಲಿ ಎರಡು ಬಗೆಯವು ಎದ್ದು ಕಾಣುತ್ತವೆ: ಮಳಖೇಡ, ಸೇಡಂ, ವಾಡಿಯ ಕಾರ್ಖಾನೆಗಳಿಂದ ಪುಡಿ ಸಿಮೆಂಟ್ ತುಂಬಿಕೊಂಡು ಹೊರಡುವ ಬಲ್ಕರ್‌ಗಳು ಒಂದು, ಸುಗ್ಗಿಯಲ್ಲಿ ತೊಗರಿ ಚೀಲಗಳನ್ನೂ ಉಳಿದ ದಿನಗಳಲ್ಲಿ ಶಹಾಬಾದಿನ ಪರಸಿ ಕಲ್ಲನ್ನೂ ಸಾಗಿಸುವ ಟ್ರ್ಯಾಕ್ಟರ್ ಟ್ರಾಲಿಗಳು ಇನ್ನೊಂದು. ಎರಡರಲ್ಲಿಯೂ ಚಾಲಕನಿಗೆ ಹಿಂದಿನ ನೆಲ ಕಾಣುವುದಿಲ್ಲವಾದ್ದರಿಂದ, ಅಮೆರಿಕದಲ್ಲಿ ಕಾರಿನ ಹಿಂದೆ ಎಳೆದೊಯ್ಯುವ ಚಕ್ರದ ಮನೆಗಳಿಗೆಂದು ಮಾರುವ ಹಿಂಬದಿ ಕ್ಯಾಮೆರಾಗಳಂಥವೇ ಈಗ ಇಲ್ಲಿಯ ವಾಹನಗಳಿಗೂ ಬರುತ್ತಿವೆ. ಭಾರತದಲ್ಲಿ 2019ರ ಜುಲೈ 1ರ ನಂತರ ತಯಾರಾದ ಕಾರುಗಳಿಗೆ ಹಿಂಬದಿಯ ಸಂವೇದಕ, ಅಂದರೆ ಅಡೆತಡೆ ಹತ್ತಿರವಾದಾಗ ಸದ್ದು ಮಾಡುವ ಸಾಧನ, ಕಡ್ಡಾಯವಾಗಿದೆ. ಟ್ರಾಲಿಯ ಮಾಲೀಕನು ಮಾತ್ರ ಇಂಥ ಸೌಲಭ್ಯವನ್ನು ತನ್ನ ಕಿಸೆಯಿಂದಲೇ ಮಾಡಿಕೊಳ್ಳಬೇಕು, ಹಾಗಾಗಿ ಇದು ಮೊದಲಿಗೆ ಹಣದ ಪ್ರಶ್ನೆ.

ತಂತಿ ಎಳೆದು ಜೋಡಿಸುವ ಕ್ಯಾಮೆರಾಕ್ಕಿಂತ ವೈರ್‌ಲೆಸ್ ಕ್ಯಾಮೆರಾಕ್ಕೆ ಸಾಮಾನ್ಯವಾಗಿ ಹೆಚ್ಚು ಹಣ ಕೊಡಬೇಕಾಗುತ್ತದೆ, ಮತ್ತು ಆ ಹೆಚ್ಚುವರಿ ಹಣ ಎಲ್ಲ ವಾಹನಗಳಲ್ಲಿಯೂ ಸಾರ್ಥಕವಾಗುವುದಿಲ್ಲ. ಬಲ್ಕರ್‌ನ ಎಳೆಯುವ ಭಾಗವೂ ಟ್ಯಾಂಕೂ ತಿಂಗಳುಗಟ್ಟಲೆ ಬೇರ್ಪಡದೆ ಒಟ್ಟಿಗೇ ಓಡುವುದಾದರೆ, ಒಮ್ಮೆ ಎಳೆದ ತಂತಿ ಅಲ್ಲಿಯೇ ಉಳಿಯುತ್ತದೆ. ಅಂಥಲ್ಲಿ ವೈರ್‌ಲೆಸ್ ಬರಿ ದುಂದು. ಟ್ರ್ಯಾಕ್ಟರಿನ ಸಂಗತಿ ಬೇರೆ. ಬೆಳಿಗ್ಗೆ ಕಲ್ಟಿವೇಟರ್ ಕಟ್ಟಿಕೊಂಡು ಹೊಲಕ್ಕೆ ಹೋದದ್ದು ಮಧ್ಯಾಹ್ನ ಟ್ರಾಲಿ ಕಟ್ಟಿಕೊಂಡು ಖಣಿಗೆ ಹೋಗುತ್ತದೆ, ಕೆಲವೊಮ್ಮೆ ಪಕ್ಕದ ಮನೆಯವರ ಟ್ರಾಲಿಯನ್ನೂ ಎಳೆಯುತ್ತದೆ. ಪ್ರತಿ ಸಲ ಕಳಚಿ ಸಿಕ್ಕಿಸುವ ತಂತಿಯ ಜೋಡಣೆ ಎರೆಮಣ್ಣು ಮೆತ್ತಿಕೊಂಡು, ಪಿನ್ ಬಾಗಿ, ಬೇಗನೆ ಕೆಡುತ್ತದೆ. ಆದ್ದರಿಂದ ಎಳೆಯುವ ವಾಹನದ ಬೆನ್ನಿಗೆ ಎಷ್ಟು ಸಲ ಬೇರೆ ಬೇರೆ ಸಲಕರಣೆ ಕಟ್ಟಲಾಗುತ್ತದೆ ಎಂಬುದೇ ಈ ಖರೀದಿಯ ನಿಜವಾದ ಅಳತೆಗೋಲು.

ವೈರ್‌ಲೆಸ್ ಎಂಬ ಹೆಸರಿದ್ದರೂ ತಂತಿ ಇಲ್ಲದಿರುವುದು ಚಿತ್ರಕ್ಕೆ ಮಾತ್ರ, ವಿದ್ಯುತ್ತಿಗಲ್ಲ. ಕ್ಯಾಮೆರಾವನ್ನು ರಿವರ್ಸ್ ದೀಪದ ತಂತಿಗೆ ಜೋಡಿಸುವುದು ಕಾರುಗಳ ರೂಢಿಯಾದರೂ, ಈ ಭಾಗದ ಬಹುತೇಕ ಟ್ರಾಲಿಗಳಲ್ಲಿ ಅಂಥ ದೀಪವೇ ಇರುವುದಿಲ್ಲ, ಇರುವ ಕೆಂಪು ದೀಪವೂ ಎಷ್ಟೋ ಕಡೆ ಹೆಸರಿಗಷ್ಟೆ. ಈ ಅಂಕಣಕಾರರ ಮನೆಯ ಟ್ರಾಲಿಗೆ ಕ್ಯಾಮೆರಾ ಕೂರಿಸಿದಾಗ ಮೊದಲು ದೀಪಗಳ ತಂತಿಯನ್ನು ಹೊಸದಾಗಿ ಎಳೆಸಿ, ನಡುವೆ ಫ್ಯೂಸ್ ಹಾಕಿಸಿ, ಹಿಂಬದಿಯ ಹಲಗೆ ಬಿಚ್ಚಿ ಪರಸಿ ಇಳಿಸುವಾಗ ಪೆಟ್ಟು ಬೀಳದ ಜಾಗದಲ್ಲಿ ಕಬ್ಬಿಣದ ಪಟ್ಟಿಯ ಗೂಡನ್ನು ವೆಲ್ಡ್ ಮಾಡಿಸಬೇಕಾಯಿತು. ಎಲೆಕ್ಟ್ರಿಷಿಯನ್ ಮತ್ತು ವೆಲ್ಡಿಂಗ್‌ನವರ ಕೂಲಿ ಸೇರಿ ಕ್ಯಾಮೆರಾದ ಬೆಲೆಯ ಅರ್ಧದಷ್ಟು ಮತ್ತೆ ಖರ್ಚಾಯಿತು. ಅಂಗಡಿಯಲ್ಲಿ ಹೇಳುವ ಬೆಲೆಯಲ್ಲಿ ಇದು ಸೇರಿರುವುದಿಲ್ಲ, ಆದರೆ ಟ್ರಾಲಿಯ ದೀಪಗಳು ಈ ನೆಪದಲ್ಲಿಯಾದರೂ ಉರಿಯತೊಡಗುವುದು ಕತ್ತಲಲ್ಲಿ ಹಿಂದೆ ಬರುವ ಬೈಕಿನವರ ಪಾಲಿಗೆ ಕ್ಯಾಮೆರಾಕ್ಕಿಂತ ದೊಡ್ಡ ಉಪಕಾರ. ಆಯಸ್ಕಾಂತದ ಬುಡವಿದ್ದು ಚಾರ್ಜ್ ಮಾಡಿ ಅಂಟಿಸುವ ಕ್ಯಾಮೆರಾಗಳಿಗೆ ಈ ಖರ್ಚು ತಪ್ಪುತ್ತದೆ, ಹೊಲದಲ್ಲಿ ನಿಲ್ಲಿಸಿದ ಟ್ರಾಲಿಯಿಂದ ಅದನ್ನು ಕಿತ್ತು ಮನೆಗೆ ಒಯ್ಯಲೂಬಹುದು. ಆದರೆ ಚಾರ್ಜ್ ಮಾಡುವುದು ಮರೆತ ದಿನ ಅದು ಟ್ರಾಲಿಗೆ ಅಂಟಿದ ಪ್ಲಾಸ್ಟಿಕ್ ತುಂಡಷ್ಟೆ.

ಕೊಳ್ಳುವಾಗ ನೋಡಬೇಕಾದವುಗಳಲ್ಲಿ ವೋಲ್ಟೇಜ್ ಮುಖ್ಯವಾದುದು: ಟ್ರ್ಯಾಕ್ಟರಿನದು 12 ವೋಲ್ಟ್, ದೊಡ್ಡ ಲಾರಿಗಳದು ಸಾಮಾನ್ಯವಾಗಿ 24 ವೋಲ್ಟ್ ಆಗಿರುವುದರಿಂದ, 12 ವೋಲ್ಟಿಗೆಂದೇ ಮಾಡಿದ ಸಾಧನವನ್ನು ಬಲ್ಕರ್‌ಗೆ ಹಾಕಿದರೆ ಅದು ಸುಟ್ಟುಹೋಗುತ್ತದೆ. ಚಿತ್ರವು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ತರಂಗದಲ್ಲಿ, ಅಂದರೆ ಪರವಾನಗಿ ಬೇಡದ, ವೈಫೈ ಮತ್ತು ಬ್ಲೂಟೂತ್ ಕೂಡ ಬಳಸುವ ತರಂಗಪಟ್ಟಿಯಲ್ಲಿ ಸಾಗುತ್ತದೆ. ಅಗ್ಗದ ಅನಲಾಗ್ ಬಗೆಯಲ್ಲಿ ಅದು ಕಲಸಿಹೋಗುವ ಸಂಭವ ಹೆಚ್ಚು, ಡಿಜಿಟಲ್ ಬಗೆಯಲ್ಲಿ ಕ್ಯಾಮೆರಾ ಮತ್ತು ಪರದೆ ಪರಸ್ಪರ ಗುರುತು ಹಿಡಿದುಕೊಂಡಿರುವುದರಿಂದ ಇನ್ನೊಬ್ಬರ ಚಿತ್ರ ನುಸುಳುವುದಿಲ್ಲ. ಟ್ರಾಲಿಯ ಕಬ್ಬಿಣದ ಗೋಡೆಗಳು ಈ ತರಂಗವನ್ನು ತಡೆಯುವುದರಿಂದ ಆಂಟೆನಾವನ್ನು ಅಂಚಿನ ಹೊರಗೆ, ಚಾಲಕನ ಕಡೆಗೆ ಅಡ್ಡಿಯಿಲ್ಲದಂತೆ ಇಡಬೇಕು. ಐಪಿ67 ಎಂಬ ಗುರುತಿನಲ್ಲಿ 6 ದೂಳಿನಿಂದ ಪೂರ್ಣ ರಕ್ಷಣೆಯನ್ನೂ 7 ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿದರೂ ತಾಳುವುದನ್ನೂ ಸೂಚಿಸುತ್ತದೆ. ಆ ದೂಳು ಒಳಗೆ ಹೋಗದಿದ್ದರೂ ಗಾಜಿನ ಮೇಲೆ ಕೂರುವುದಂತೂ ತಪ್ಪದು, ಸುಣ್ಣದ ಕಲ್ಲಿನ ಈ ನಾಡಿನಲ್ಲಿ ಒದ್ದೆ ಬಟ್ಟೆ ಕ್ಯಾಮೆರಾದ ಬಿಡಿಭಾಗವೆಂದೇ ತಿಳಿಯಬೇಕು.

ಕ್ಯಾಮೆರಾ ಬಂದರೆ ಹಿಂದೆ ನಿಂತು ‘ಬರ್ರಿ, ಬರ್ರಿ’ ಎಂದು ಕೂಗುವವನ ಕೂಲಿ ಉಳಿಯುತ್ತದೆ ಎಂಬ ಮಾತು ಮಾರಾಟಗಾರರದು. ಅವನೇ ಪರಸಿ ಏರಿಸುವ, ಇಳಿಸುವ ಹಮಾಲನೂ ಆಗಿರುವುದರಿಂದ ಆ ಕೂಲಿ ಒಂದು ರೂಪಾಯಿಯೂ ಉಳಿಯುವುದಿಲ್ಲ. ತಪ್ಪುವುದು ಅವನು ಚಕ್ರಕ್ಕೂ ಗೋಡೆಗೂ ನಡುವೆ ನಿಲ್ಲಬೇಕಾದ ಅಪಾಯ. ಹಿಂಬದಿಯ ಕ್ಯಾಮೆರಾ ಸ್ಟೇರಿಂಗ್ ಕಲಿಸುವುದೂ ಇಲ್ಲ, ಏಕೆಂದರೆ ಎರಡು ಚಕ್ರದ ಟ್ರಾಲಿಯನ್ನು ಹಿಂದಕ್ಕೆ ತೆಗೆಯುವಾಗ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರೆ ಟ್ರಾಲಿಯ ಹಿಂಬದಿ ಬಲಕ್ಕೆ ಹೋಗುತ್ತದೆ, ಮತ್ತು ಅಗಲ ನೋಟದ ಮಸೂರದಲ್ಲಿ ಹತ್ತಿರದ ಕಂಬವೂ ದೂರವಿದ್ದಂತೆ ತೋರುತ್ತದೆ.

ತೆರಿಗೆಯಲ್ಲಿ ಈ ಖರ್ಚು ಮರಳಿ ಸಿಗುವ ಆಸೆಯನ್ನೂ ಅಳೆದು ಇಟ್ಟುಕೊಳ್ಳಬೇಕು. ಕ್ಯಾಮೆರಾದ ಬೆಲೆಯಲ್ಲಿ ಸೇರಿರುವ ಜಿಎಸ್‌ಟಿಯನ್ನು ನೋಂದಣಿಯಿಲ್ಲದ ರೈತನು ಮರಳಿ ಪಡೆಯಲಾರನು, ಶೇಕಡಾ 5ರ ದರದ ಸಾಗಣೆ ವ್ಯವಸ್ಥೆಯನ್ನು ಆರಿಸಿಕೊಂಡ ಲಾರಿ ಮಾಲೀಕನೂ ಹೂಡುವಳಿ ತೆರಿಗೆಯನ್ನು, ಅಂದರೆ ಕೊಂಡ ಸರಕಿನ ಮೇಲೆ ಕಟ್ಟಿದ ತೆರಿಗೆಯನ್ನು, ಕಳೆಯಲಾರನು. ಹತ್ತಕ್ಕಿಂತ ಹೆಚ್ಚು ಸರಕು ವಾಹನ ಇಲ್ಲದವರಿಗೆ 1961ರ ಆದಾಯ ತೆರಿಗೆ ಕಾಯ್ದೆಯ 44ಎಇ ಕಲಮು ರೂಪಿಸಿದ ಅಂದಾಜು ಆದಾಯದ ಪದ್ಧತಿಯಲ್ಲಿ, 12 ಟನ್ ಮೀರಿದ ವಾಹನಕ್ಕೆ ತಿಂಗಳಿಗೆ ಪ್ರತಿ ಟನ್ನಿಗೆ 1,000 ರೂಪಾಯಿ ಆದಾಯವೆಂದು ಎಣಿಸಿ ಎಲ್ಲ ಖರ್ಚೂ ಸವಕಳಿಯೂ ಅದರೊಳಗೇ ಕಳೆದಿವೆಯೆಂದು ಭಾವಿಸುವುದರಿಂದ, ಕ್ಯಾಮೆರಾದ ರಸೀದಿಯನ್ನು ಬೇರೆಯಾಗಿ ತೋರಿಸಿ ಪ್ರಯೋಜನವಿಲ್ಲ. ಆ ರಸೀದಿ ಬೇಕಾಗುವುದು ವಿಮೆಯ ಹೊತ್ತಿಗೆ: ಕಂಪನಿಯಿಂದ ವಾಹನದ ಜೊತೆಗೇ ಬಾರದ ವಿದ್ಯುತ್ ಸಾಧನವನ್ನು ಪಾಲಿಸಿಯಲ್ಲಿ ಬರೆಯಿಸಿ ಅದರ ಕಂತನ್ನು ಕಟ್ಟಿದ್ದರೆ ಮಾತ್ರ ಅದರ ನಷ್ಟಕ್ಕೆ ಪರಿಹಾರ ಕೇಳಬಹುದು, ಮತ್ತು ಕ್ಯಾಮೆರಾ ಕುಳಿತಿರುವುದು ಟ್ರಾಲಿಯ ಮೇಲೆ ಆದ್ದರಿಂದ ಟ್ರ್ಯಾಕ್ಟರಿನದಲ್ಲದೆ ಟ್ರಾಲಿಯ ಸಂಖ್ಯೆಯೂ ಆ ಪಾಲಿಸಿಯಲ್ಲಿದೆಯೇ ಎಂಬುದನ್ನು ನವೀಕರಣದ ದಿನವೇ ಓದಿ ನೋಡಬೇಕು.